ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕಾರಿನ ರೋಟರಿ

ಅಮೆರಿಕದಲ್ಲಿ ಸಾಮಾನ್ಯ ನಾಗರಿಕರು ತಮ್ಮ ಗ್ಯಾರೇಜಿನಲ್ಲೇ ಪುಟ್ಟ ವಿಮಾನ ಕಟ್ಟಿ, ಸರ್ಕಾರದಿಂದ ಪ್ರಮಾಣಪತ್ರ ಪಡೆದು, ಅದರಲ್ಲಿ ತಾವೇ ಹಾರಬಹುದು. ಕಟ್ಟುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹವ್ಯಾಸಿಗಳದ್ದೇ ಆಗಿರಬೇಕು ಎಂಬುದು ನಿಯಮದ ತಿರುಳು. ರೆಕ್ಕೆ, ಒಡಲು, ಬಾಲಗಳ ಕಿಟ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ರಿವೆಟ್ ಹೊಡೆಯುತ್ತ ವರ್ಷಗಳೇ ಕಳೆಯುತ್ತವೆ. ಎಂಜಿನ್ ಕೊಳ್ಳುವ ಹೊತ್ತು ಬಂದಾಗ ಮಾತ್ರ ಅನೇಕರ ಕೈ ತಡೆಯುತ್ತದೆ. ಲೈಕಮಿಂಗ್ ಕಂಪನಿಯ ನಾಲ್ಕು ಸಿಲಿಂಡರಿನ ಹೊಸ ಎಂಜಿನ್ ಬಹಳ ದುಬಾರಿ, ಅದರ ಮೂಲ ವಿನ್ಯಾಸವೋ 1950ರ ದಶಕದ್ದು. ಆಗ ಕೆಲವರ ಕಣ್ಣು ಗುಜರಿ ಅಂಗಳದಲ್ಲಿ ಬಿದ್ದಿರುವ ಮಾಜ್ದಾ ಆರ್‌ಎಕ್ಸ್-7 ಕಾರಿನ ಮೇಲೆ ಬೀಳುತ್ತದೆ. ಅವರಿಗೆ ಬೇಕಾದದ್ದು ಅದರೊಳಗಿನ 13ಬಿ ಎಂಬ ರೋಟರಿ ಎಂಜಿನ್.

ಈ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ಎರಡು ಬೀಜದ ಕಡಲೆಕಾಯಿಯಂತೆ ನಡು ತುಸು ಒಳಸರಿದ ಕೋಣೆ. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರ್. ರೋಟರಿನ ಮೂರು ತುದಿಗಳೂ ಸದಾ ಗೋಡೆಗೆ ಒತ್ತಿಕೊಂಡೇ ಸುತ್ತುವುದರಿಂದ ಗೋಡೆಗೂ ರೋಟರಿಗೂ ನಡುವೆ ಮೂರು ಜಾಗಗಳು ಹುಟ್ಟಿ, ಹಿಗ್ಗುತ್ತ ಕುಗ್ಗುತ್ತ ಸಾಗುತ್ತವೆ. ಗಾಳಿ ಮತ್ತು ಪೆಟ್ರೋಲನ್ನು ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದಬ್ಬುವುದು ಎಲ್ಲವೂ ಒಂದೇ ಕೋಣೆಯ ಬೇರೆ ಬೇರೆ ಮೂಲೆಗಳಲ್ಲಿ ಒಟ್ಟೊಟ್ಟಿಗೆ ನಡೆಯುತ್ತವೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. 13ಬಿಯಲ್ಲಿ ಇಂಥ ರೋಟರುಗಳು ಎರಡು, ಒಟ್ಟು ಗಾತ್ರ 1.3 ಲೀಟರ್. ಸಂದು ಮುಚ್ಚುವ ಸೀಲುಗಳನ್ನೂ ಅವುಗಳ ಸ್ಪ್ರಿಂಗುಗಳನ್ನೂ ಬದಿಗಿಟ್ಟರೆ, ಶಕ್ತಿ ಹುಟ್ಟಿಸಲು ಚಲಿಸುವ ದೊಡ್ಡ ಭಾಗಗಳು ಮೂರೇ: ಎರಡು ರೋಟರ್, ಒಂದು ಶಾಫ್ಟ್.

ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆಯ ಮೊದಲ ಎಂಜಿನ್ 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಓಡಿತು. ಅದನ್ನು ಪಳಗಿಸಿದ್ದು ಜಪಾನಿನ ಮಾಜ್ದಾ. ರೋಟರಿನ ತುದಿಯ ಸೀಲುಗಳು ಕೋಣೆಯ ಗೋಡೆಯನ್ನು ಗೀಚಿ ಹಾಳುಮಾಡುತ್ತಿದ್ದವು. ಆ ಗೀರುಗಳನ್ನು ಎಂಜಿನಿಯರುಗಳು ಸೈತಾನನ ಉಗುರಿನ ಗುರುತು ಎಂದು ಕರೆದರು. ಕೆನಿಚಿ ಯಾಮಾಮೊಟೊ ನೇತೃತ್ವದ ತಂಡ ವರ್ಷಗಟ್ಟಲೆ ಹೆಣಗಿ ಸೀಲಿನ ವಸ್ತುವನ್ನೇ ಬದಲಿಸಿ ಅದನ್ನು ಗೆದ್ದ ಮೇಲೆಯೇ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಹೊರಬಂದದ್ದು.

ವಿಮಾನ ಕಟ್ಟುವವರು ಈ ಎಂಜಿನ್ನಿಗೆ ಮನಸೋಲಲು ಮುಖ್ಯ ಕಾರಣ ಅದರ ವೇಗವಲ್ಲ, ಅದು ಕೆಡುವ ರೀತಿ. ಪಿಸ್ಟನ್ ಎಂಜಿನ್ನಿನಲ್ಲಿ ಒಂದು ವಾಲ್ವ್ ಮುರಿದರೆ, ಒಂದು ಕನೆಕ್ಟಿಂಗ್ ರಾಡ್ ಕಿತ್ತುಬಂದರೆ, ಕ್ಷಣದಲ್ಲಿ ಎಲ್ಲ ಮುಗಿಯಬಹುದು. ರೋಟರಿಯಲ್ಲಿ ಆ ಭಾಗಗಳೇ ಇಲ್ಲ. ಕೋಣೆಯ ಗೋಡೆ ಅಲ್ಯೂಮಿನಿಯಂ, ರೋಟರ್ ಎರಕದ ಕಬ್ಬಿಣ. ವಿಪರೀತ ಕಾದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗುವುದರಿಂದ ನಡುವಿನ ಸಂದು ದೊಡ್ಡದಾಗುತ್ತದೆಯೇ ಹೊರತು ರೋಟರ್ ಕಚ್ಚಿಕೊಳ್ಳುವುದಿಲ್ಲ. ಸೀಲು ಹೋದರೆ ಶಕ್ತಿ ಇಳಿಯುತ್ತದೆ, ಆದರೆ ಬಹುತೇಕ ಸಲ ಎಂಜಿನ್ ಗೊರಗೊರ ಎನ್ನುತ್ತಲೇ ಓಡುತ್ತಿರುತ್ತದೆ. ಇಳಿಯಲು ರನ್‌ವೇ ಹುಡುಕುತ್ತಿರುವ ಪೈಲಟ್‌ಗೆ ಹಾಗೆ ಸಿಗುವ ಹತ್ತು ನಿಮಿಷದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಪ್ರತಿ ರೋಟರಿಗೂ ಕಾರಿನಲ್ಲೇ ಎರಡೆರಡು ಸ್ಪಾರ್ಕ್ ಪ್ಲಗ್ ಇರುವುದು ಇನ್ನೊಂದು ಅನುಕೂಲ.

ರೋಟರಿ ಎಂಜಿನ್ ವಿಮಾನಕ್ಕೆ ಒಗ್ಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೂ ಸಾಕ್ಷಿಯಿದೆ. ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಡಿಇ ರೂಪಿಸಿದ ನಿಶಾಂತ್ ಎಂಬ ಪೈಲಟ್‌ರಹಿತ ವಿಮಾನಕ್ಕಾಗಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯಗಳು ಸೇರಿ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ ತಯಾರಿಸಿದವು. 2009ರಲ್ಲಿ ಆ ಎಂಜಿನ್ ಹೊತ್ತ ನಿಶಾಂತ್ ಕೋಲಾರದ ಬಳಿ ಹಾರಿತು.

ಆದರೆ ಆ ಎಂಜಿನ್ ಮೊದಲಿನಿಂದಲೂ ವಿಮಾನಕ್ಕೆಂದೇ ಮಾಡಿದ್ದು. ಕಾರಿನದನ್ನು ತಂದು ಕೂರಿಸುವಾಗ ಮೊದಲ ತೊಡಕು ಪ್ರೊಪೆಲ್ಲರ್. 13ಬಿ ತನ್ನ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ 6000 ಸುತ್ತು ದಾಟಿದ ಮೇಲೆ. 1.83 ಮೀಟರ್ ಉದ್ದದ ಪ್ರೊಪೆಲ್ಲರನ್ನು ಆ ವೇಗದಲ್ಲಿ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ ಸುಮಾರು 575 ಮೀಟರ್ ಓಡಬೇಕಾಗುತ್ತದೆ. ಶಬ್ದದ ವೇಗ ಸುಮಾರು 340 ಮೀಟರ್. ತುದಿ ಅದನ್ನು ಮೀರಿದರೆ ಗದ್ದಲವೇ ಹೆಚ್ಚು, ಎಳೆತ ಕಡಿಮೆ. ಹಾಗಾಗಿ ನಡುವೆ ವೇಗ ಇಳಿಸುವ ಗೇರ್‌ಬಾಕ್ಸ್ ಬೇಕು. ಹವ್ಯಾಸಿಗಳು ಇದಕ್ಕೆ ಕಂಡುಕೊಂಡ ದಾರಿಗಳಲ್ಲೊಂದು ಫೋರ್ಡ್ ಕಂಪನಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಒಳಗಿನ ಪ್ಲಾನೆಟರಿ ಗೇರುಗಳು. 2.85:1 ಅನುಪಾತದ ಗೇರ್ 6000 ಸುತ್ತನ್ನು ಸುಮಾರು 2100ಕ್ಕೆ ಇಳಿಸುತ್ತದೆ. ಎಂಜಿನ್ನಿನ ನಡುಕ ಮತ್ತು ಪ್ರೊಪೆಲ್ಲರಿನ ಸಹಜ ಕಂಪನ ಒಂದಕ್ಕೊಂದು ತಾಳ ಹಾಕಿಕೊಂಡರೆ ಗಟ್ಟಿ ಉಕ್ಕೂ ಮುರಿಯುತ್ತದೆ. ಅದನ್ನು ತಪ್ಪಿಸುವ ಲೆಕ್ಕಾಚಾರ ಗೇರಿನ ಹಲ್ಲು ಎಣಿಸುವಷ್ಟು ಸುಲಭವಲ್ಲ.

ಇದಕ್ಕಿಂತ ದೊಡ್ಡ ತೊಡಕು ಬಿಸಿ. ನನ್ನ ಮಟ್ಟಿಗೆ ಈ ಇಡೀ ಸಾಹಸದ ಹೃದಯ ಇಲ್ಲಿದೆ. ಕಾರು ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವಾಗ ಎಂಜಿನ್ನಿನ ಸಾಮರ್ಥ್ಯದ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವಿಮಾನ ಹಾಗಲ್ಲ, ಮುಕ್ಕಾಲು ಪಾಲು ಶಕ್ತಿಯನ್ನು ಗಂಟೆಗಟ್ಟಲೆ ಕೇಳುತ್ತದೆ. ಪ್ರೊಪೆಲ್ಲರಿಗೆ ಎಷ್ಟು ಶಕ್ತಿ ತಲುಪುತ್ತದೋ ಹೆಚ್ಚುಕಡಿಮೆ ಅಷ್ಟೇ ಬಿಸಿಯನ್ನು ನೀರು ಮತ್ತು ಎಣ್ಣೆಗಳು ಹೊತ್ತು ಹೊರಹಾಕಬೇಕು. ರೋಟರಿನ ಒಡಲು ತಣ್ಣಗಾಗುವುದೇ ಎಣ್ಣೆಯಿಂದ. ಸುಮಾರು ಮೂರನೇ ಒಂದು ಪಾಲು ಬಿಸಿ ಎಣ್ಣೆಯ ಪಾಲಿಗೇ ಬರುತ್ತದೆ. ಎಣ್ಣೆಯ ಕೂಲರನ್ನು ಚಿಕ್ಕದಾಗಿಟ್ಟು ಪಡಿಪಾಟಲು ಪಟ್ಟವರು ಅನೇಕರು. ಬಿಸಿ ಮಿತಿ ಮೀರಿದರೆ ಕಬ್ಬಿಣದ ಪಕ್ಕದ ಫಲಕಗಳಿಗೂ ಅಲ್ಯೂಮಿನಿಯಂ ಕೋಣೆಗಳಿಗೂ ನಡುವಿನ ರಬ್ಬರ್ ಸೀಲುಗಳು ಸೋತು ನೀರು ಒಳನುಗ್ಗುತ್ತದೆ.

ರೇಡಿಯೇಟರಿಗಾಗಿ ಹವ್ಯಾಸಿಗಳು ಮತ್ತೆ ಗುಜರಿಗೇ ಹೋದರು. ಕಾರಿನ ಏಸಿಯ ಒಳಗೆ ಗಾಳಿ ತಣಿಸುವ ಅಲ್ಯೂಮಿನಿಯಂ ಇವ್ಯಾಪರೇಟರ್ ಹಗುರ, ಗಟ್ಟಿ, ದಪ್ಪ. ಅದನ್ನೇ ರೇಡಿಯೇಟರ್ ಮಾಡಿಕೊಂಡು ಹಾರಿದವರಿದ್ದಾರೆ. ದಪ್ಪವಾದದ್ದೇಕೆ? ವೇಗವಾಗಿ ಬಂದ ಗಾಳಿಯನ್ನು ನೇರವಾಗಿ ರೇಡಿಯೇಟರಿಗೆ ಬಡಿಸಿದರೆ ತಡೆ ಹೆಚ್ಚುತ್ತದೆ, ತಂಪು ಹೆಚ್ಚುವುದಿಲ್ಲ. ಚಿಕ್ಕ ಬಾಯಿಯಿಂದ ಒಳಬಿಟ್ಟು, ನಿಧಾನವಾಗಿ ಅಗಲವಾಗುವ ನಾಳದಲ್ಲಿ ಗಾಳಿಯ ವೇಗ ತಗ್ಗಿಸಿದರೆ ಅದರ ಒತ್ತಡ ಏರುತ್ತದೆ. ಆ ಒತ್ತಡವೇ ಗಾಳಿಯನ್ನು ದಪ್ಪ ರೇಡಿಯೇಟರಿನ ಮೂಲಕ ತಳ್ಳುತ್ತದೆ. ಎರಡನೆಯ ಮಹಾಯುದ್ಧದ ಮಸ್ಟಾಂಗ್ ವಿಮಾನದ ಹೊಟ್ಟೆಯ ಕೆಳಗಿನ ಗಾಳಿ ನಾಳದ ಹಿಂದಿನ ವಿದ್ಯೆಯೂ ಇದೇ. ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಫ್ರೆಡರಿಕ್ ಮೆರೆಡಿತ್ 1930ರ ದಶಕದಲ್ಲಿ ತೋರಿಸಿದಂತೆ, ಕಾದು ಹಿಗ್ಗಿದ ಗಾಳಿಯನ್ನು ಹಿಂದಕ್ಕೆ ಸರಿಯಾಗಿ ಬಿಟ್ಟರೆ ರೇಡಿಯೇಟರಿನ ತಡೆಯಲ್ಲಿ ಒಂದಷ್ಟನ್ನು ಮರಳಿ ಪಡೆಯಬಹುದು. ನಾಳದ ಇಳಿಜಾರು ತುಸು ತಪ್ಪಿದರೂ ಗಾಳಿ ಗೋಡೆ ಬಿಟ್ಟು ಸುಳಿಯಾಗುತ್ತದೆ, ಎಂಜಿನ್ ಕಾಯುತ್ತದೆ.

ಉಳಿದ ಕಷ್ಟಗಳೂ ಇವೆ. ಹಳೆಯ ವಿಮಾನ ಎಂಜಿನ್ನಿನ ಮ್ಯಾಗ್ನೆಟೊ ಬ್ಯಾಟರಿಯಿಲ್ಲದೆ ಕಿಡಿ ಕೊಡುತ್ತದೆ. ಕಾರಿನ ಎಂಜಿನ್ ವಿದ್ಯುತ್ ಹೋದರೆ ನಿಂತೇ ಹೋಗುತ್ತದೆ. ಆದ್ದರಿಂದ ಕಿಡಿ ಮತ್ತು ಇಂಧನವನ್ನು ನಿಯಂತ್ರಿಸುವ ಕಂಟ್ರೋಲರ್, ಇಂಧನ ಪಂಪು, ಬ್ಯಾಟರಿ ಎಲ್ಲ ಜೋಡಿಯಾಗಿರಬೇಕು. ಹೊಗೆ ವಿಪರೀತ ಬಿಸಿ, ಸದ್ದು ಕಿವಿ ಸೀಳುವಂಥದ್ದು, ಮಾಮೂಲಿ ಸೈಲೆನ್ಸರ್ ಬಾಳುವುದಿಲ್ಲ. ಸೀಲುಗಳ ಜಿಡ್ಡಿಗಾಗಿ ಅನೇಕರು ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತಾರೆ. ಇಂಧನವೂ ತುಸು ಹೆಚ್ಚೇ ಬೇಕು. ಗೇರ್‌ಬಾಕ್ಸ್, ರೇಡಿಯೇಟರ್, ನೀರು ಎಲ್ಲ ಸೇರಿದಾಗ ಪುಟ್ಟ ಎಂಜಿನ್ನಿನ ತೂಕದ ಲಾಭವೂ ಬಹುಮಟ್ಟಿಗೆ ಕರಗುತ್ತದೆ.

ಕಟ್ಟಿ ಮುಗಿದ ವಿಮಾನದಲ್ಲಿ ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲ್ಲರಿನ ಜೋಡಿಯಿದ್ದರೆ ಅಮೆರಿಕದಲ್ಲಿ ಸಾಮಾನ್ಯವಾಗಿ 25 ಗಂಟೆಯ ಪರೀಕ್ಷಾ ಹಾರಾಟ ಸಾಕು. ಇಂಥ ಕಾರಿನ ಎಂಜಿನ್ನಿಗೆ 40 ಗಂಟೆ. ಆ ನಿಯಮ ನ್ಯಾಯವಾದದ್ದು. ಕಾರಿನ ಎಂಜಿನ್ ಹೊತ್ತ ವಿಮಾನಗಳು ನಡುದಾರಿಯಲ್ಲಿ ಇಳಿಯಬೇಕಾದಾಗ ತಪ್ಪು ಹೆಚ್ಚಾಗಿ ಎಂಜಿನ್ನಿನ ಒಡಲಿನದ್ದಲ್ಲ, ಅದರ ಸುತ್ತ ಕಟ್ಟಿದ ಪೈಪು, ವೈರು, ಪಂಪು, ಗೇರುಗಳದ್ದು. ಬೇಗ ಹಾರಬೇಕೆನ್ನುವವರು ಸಾಲ ಮಾಡಿಯಾದರೂ ಲೈಕಮಿಂಗ್ ಕೊಳ್ಳುವುದೇ ಸರಿ. ಕಟ್ಟುವುದರಲ್ಲೇ ಸುಖ ಕಾಣುವವರಿಗೆ, ಅಳೆದು ಬರೆದಿಟ್ಟುಕೊಳ್ಳುವ ತಾಳ್ಮೆಯಿರುವವರಿಗೆ, ರೋಟರಿ. ಯಾರಾದರೂ ಇಂಥ ವಿಮಾನವನ್ನು ನಿಮಗೆ ತೋರಿಸಿದರೆ ಅಶ್ವಶಕ್ತಿ ಎಷ್ಟೆಂದು ಆಮೇಲೆ ಕೇಳಿ. ಬಿರುಬಿಸಿಲಿನ ಮಧ್ಯಾಹ್ನ ಪೂರ್ತಿ ಥ್ರಾಟಲ್‌ನಲ್ಲಿ ಮೇಲೇರುವಾಗ ಎಣ್ಣೆಯ ಉಷ್ಣತೆ ಎಷ್ಟಿರುತ್ತದೆ ಎಂದು ಮೊದಲು ಕೇಳಿ.