ರಿಪೋರ್ಟ್ ನಾರ್ಮಲ್ ಬಂದ ಮೇಲೂ ಮಾತ್ರೆ ಏಕೆ?

ಸಿ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಹಾಗೂ ಅವರ ಮನೆಯವರಿಗೆ ಈ ಮಾಹಿತಿ.

“ಸಿಸ್ಟರ್, ರಕ್ತದ ರಿಪೋರ್ಟ್ ನಾರ್ಮಲ್ ಬಂದೈತಿ, ಇನ್ನೂ ಗುಳಿಗಿ ಯಾಕ?” ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಉತ್ತರ ತಿಳಿಯಲು ಜೀವಕೋಶದ ಒಳಗೆ ಸ್ವಲ್ಪ ಇಣುಕಬೇಕು.

ನಮ್ಮ ಜೀವಕೋಶಗಳು ‘ಬೆಳೆ’, ‘ನಿಲ್ಲು’ ಎಂಬ ಸಂದೇಶಗಳಂತೆ ನಡೆಯುತ್ತವೆ. ಈ ಸಂದೇಶ ದಾಟಿಸುವವರಲ್ಲಿ ಕೈನೇಸ್ ಎಂಬ ಕಿಣ್ವಗಳು ಮುಖ್ಯ. ಇವು ಎ.ಟಿ.ಪಿ. ಎಂಬ ವಸ್ತುವಿನಿಂದ ಫಾಸ್ಫೇಟ್ ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುತ್ತವೆ. ಹೀಗೆ ಅಂಟಿದಾಗ ಅನೇಕ ಪ್ರೋಟೀನುಗಳು ಚಾಲೂ ಆಗುತ್ತವೆ. ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಕಿತ್ತರೆ ಬಂದ್. ಹೊಲದ ಪಂಪ್‌ಸೆಟ್ ಸ್ಟಾರ್ಟರಿನ ಹಸಿರು ಗುಂಡಿ, ಕೆಂಪು ಗುಂಡಿ ಇದ್ದ ಹಾಗೆ. 1950ರ ದಶಕದಲ್ಲಿ ಫಿಷರ್ ಮತ್ತು ಕ್ರೆಬ್ಸ್ ಎಂಬ ವಿಜ್ಞಾನಿಗಳು ಸ್ನಾಯುವಿನ ಒಂದು ಕಿಣ್ವದಲ್ಲಿ ಈ ಏರ್ಪಾಟನ್ನು ಕಂಡುಹಿಡಿದರು. 1992ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಸಿ.ಎಂ.ಎಲ್.ನಲ್ಲಿ ಮೂಳೆಮಜ್ಜೆಯ ಒಂದು ಕೋಶದ 9ನೇ ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗುತ್ತವೆ. ಅದರಿಂದ ಬಿ.ಸಿ.ಆರ್.-ಏಬಲ್ ಎಂಬ ಹೊಸ ಕೈನೇಸ್ ಹುಟ್ಟುತ್ತದೆ. ಇದರ ಹಸಿರು ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡಿರುತ್ತದೆ. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ, ಎಡಪಕ್ಕೆಯ ಗುಲ್ಮ ಊದುತ್ತದೆ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ, ಅಂಟುರೋಗವೂ ಅಲ್ಲ. ದಯವಿಟ್ಟು ರೋಗಿಯ ತಟ್ಟೆ, ಲೋಟ ಬೇರೆ ಇಡಬೇಡಿ.

ಇಮ್ಯಾಟಿನಿಬ್ ಆ ಕಿಣ್ವದಲ್ಲಿ ಎ.ಟಿ.ಪಿ. ಕೂರುವ ಜಾಗದಲ್ಲಿಯೇ ಹೋಗಿ ಕೂರುತ್ತದೆ. ಫಾಸ್ಫೇಟ್ ಸಿಗದೆ ಕಿಣ್ವ ಕೈಕಟ್ಟಿ ನಿಲ್ಲುತ್ತದೆ. 2001ರಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಮೊದಲ ದೊಡ್ಡ ಪರೀಕ್ಷೆಯಲ್ಲಿ ಈ ಮಾತ್ರೆಯಿಂದ ಚಿಕಿತ್ಸೆ ಆರಂಭಿಸಿದವರಲ್ಲಿ 10 ವರ್ಷಗಳ ನಂತರವೂ ಬದುಕಿದ್ದವರು ನೂರಕ್ಕೆ ಸುಮಾರು 83 ಎಂದು 2017ರಲ್ಲಿ ವರದಿಯಾಯಿತು. ಭಾರತದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಈ ಔಷಧದ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ್ದರಿಂದ ನಮ್ಮ ಕಂಪನಿಗಳ ಕಡಿಮೆ ಬೆಲೆಯ ಮಾತ್ರೆಗಳು ಉಳಿದುಕೊಂಡವು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮಾತ್ರೆ ಕಿಣ್ವವನ್ನು ತಡೆಯುತ್ತದೆ, ತಪ್ಪಾದ ಕ್ರೋಮೋಸೋಮನ್ನು ಸರಿಪಡಿಸುವುದಿಲ್ಲ. ಸುಮಾರು 18 ಗಂಟೆಯಲ್ಲಿ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯುತ್ತದೆ. ಬಿಟ್ಟರೆ ಕಿಣ್ವ ಮತ್ತೆ ಕೆಲಸ ಶುರುಮಾಡುತ್ತದೆ. ಆದರೆ ನಿಮಗೆ ಏನೂ ಅನಿಸುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಲಂಡನ್ನಿನಲ್ಲಿ 87 ರೋಗಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 90ಕ್ಕಿಂತ ಹೆಚ್ಚು ಮಾತ್ರೆ ತೆಗೆದುಕೊಂಡವರಲ್ಲಿ ಬಹುತೇಕರಿಗೆ ಒಳ್ಳೆಯ ಫಲ ಸಿಕ್ಕಿತು, ಉಳಿದವರಲ್ಲಿ ಕೆಲವರಿಗೆ ಮಾತ್ರ. ಲೆಕ್ಕ ಹಾಕಿ: ತಿಂಗಳಲ್ಲಿ 3 ದಿನ ತಪ್ಪಿದರೆ ನೂರಕ್ಕೆ 90ಕ್ಕೇ ಇಳಿದಿರಿ. ಜಾತ್ರೆ, ಮದುವೆ, ಬಿತ್ತನೆ ಎಂದು 3 ದಿನ ಹೋಗುವುದು ಎಷ್ಟು ಸುಲಭ!

ಹಲವು ವರ್ಷ ಚೆನ್ನಾಗಿದ್ದ ಕೆಲವರಿಗೆ ಪಿ.ಸಿ.ಆರ್. ಪರೀಕ್ಷೆ ನೋಡಿ ವೈದ್ಯರೇ ಮಾತ್ರೆ ನಿಲ್ಲಿಸಿ ನೋಡುವುದುಂಟು. ನಾವಾಗಿ ನಿಲ್ಲಿಸುವಂತಿಲ್ಲ.

ಮಾತ್ರೆಯನ್ನು ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಕಣ್ಣಿನ ಸುತ್ತ ಊತ, ಕಾಲು ಹಿಡಿತ, ವಾಕರಿಕೆ ಬರಬಹುದು. ತೂಕ ಬೇಗ ಏರಿದರೆ, ಉಸಿರು ಕಟ್ಟಿದರೆ, ಜ್ವರ ಅಥವಾ ರಕ್ತಸ್ರಾವ ಇದ್ದರೆ ತಡಮಾಡದೆ ಬನ್ನಿ. ಗರ್ಭಿಣಿಯರು, ಮಗು ಬಯಸುವವರು ಮೊದಲೇ ತಿಳಿಸಬೇಕು. ಬೇರೆ ಔಷಧಿ, ನಾಟಿ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ಹೇಳಿ, ನಾವು ಬೈಯುವುದಿಲ್ಲ. ಮಾತ್ರೆ ಕೊಳ್ಳಲು ಹಣದ ತೊಂದರೆ ಇದ್ದರೆ ಡಬ್ಬಿ ಖಾಲಿಯಾಗುವ ಒಂದು ವಾರ ಮೊದಲೇ ವಾರ್ಡಿನ ಸಿಸ್ಟರಿಗೆ ತಿಳಿಸಿ.