ರೋಗಶಯ್ಯೆಯೂ ಶಿವಪೂಜೆಯ ಸ್ಥಾನವೇ

ಮಾನವ ಜನ್ಮ ಬಹು ಅಮೂಲ್ಯವಾದುದು. ಈ ಜನ್ಮವನ್ನು ಸಾರ್ಥಕಪಡಿಸಿಕೊಳ್ಳಲು ಪರಶಿವನು ಕೊಟ್ಟ ಮೊದಲ ಸಾಧನವೆಂದರೆ ಶರೀರ. ಶರೀರ ಗಟ್ಟಿಯಾಗಿರುವ ತನಕ ಅದರ ಬೆಲೆ ಮನುಷ್ಯನಿಗೆ ಗೊತ್ತಾಗುವುದಿಲ್ಲ. ನಡೆಯುವ ಕಾಲಿಗೆ, ತುತ್ತು ಎತ್ತುವ ಕೈಗೆ, ಹೆಸರು ಹಿಡಿದು ಕರೆಯುವ ನಾಲಿಗೆಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ಒಂದು ದಿನ ನಸುಕಿನಲ್ಲಿ ಏಳಹೋದರೆ ಅರ್ಧ ಮೈ ಮಾತು ಕೇಳುವುದಿಲ್ಲ. ಬಾಯಿ ಸೊಟ್ಟಗಾಗಿರುತ್ತದೆ, ಮಾತು ತೊದಲುತ್ತದೆ. ನಿನ್ನೆಯ ತನಕ ಮನೆಯ ಯಜಮಾನನಾಗಿದ್ದವನು ಇಂದು ಮಗ್ಗುಲು ಬದಲಿಸಲೂ ಮತ್ತೊಬ್ಬರ ದಾರಿ ಕಾಯುವಂತಾಗುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಇದನ್ನು ಲಕ್ವ ಹೊಡೆಯಿತು ಎನ್ನುತ್ತಾರೆ. ವೈದ್ಯರು ಪಾರ್ಶ್ವವಾಯು ಎನ್ನುತ್ತಾರೆ.

ಆಸ್ಪತ್ರೆಯಲ್ಲಿರುವಷ್ಟು ದಿನ ಬಂಧು ಬಳಗದವರೆಲ್ಲ ಓಡಾಡುತ್ತಾರೆ. ಮನೆಗೆ ಕರೆತಂದ ಮೇಲೆ ಮೊದಲ ವಾರ ಊರೇ ಬಂದು ನೋಡಿ ಹೋಗುತ್ತದೆ. ಆಮೇಲೆ ಬಿತ್ತನೆ ಬರುತ್ತದೆ, ಸುಗ್ಗಿ ಬರುತ್ತದೆ, ಅವರವರ ಬದುಕು ಅವರವರನ್ನು ಎಳೆದುಕೊಂಡು ಹೋಗುತ್ತದೆ. ಉಳಿಯುವುದು ಒಂದು ಮಂಚ, ಒಂದು ಗೋಡೆ, ಮುಗಿಯದ ಹಗಲು. ನಿಜವಾದ ಪರೀಕ್ಷೆ ಆರಂಭವಾಗುವುದು ಆಗಲೇ. ಆ ದಿನಗಳ ಕುರಿತು ಸದ್ಭಕ್ತರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ.

ಧರ್ಮಸಂಚಾರದ ಕಾಲದಲ್ಲಿ ನಾವು ಒಬ್ಬ ಹಿರಿಯ ಭಕ್ತರ ಮನೆಗೆ ದಯಮಾಡಿಸಿದ್ದೆವು. ಎಪ್ಪತ್ತು ದಾಟಿದ ಒಕ್ಕಲು ಮನುಷ್ಯ. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದು ಎರಡು ತಿಂಗಳಾಗಿತ್ತು. ಊಟ ಬಿಟ್ಟಿದ್ದಾರೆ, ಗುಳಿಗೆ ತೆಗೆದುಕೊಳ್ಳಲು ಒಲ್ಲೆನ್ನುತ್ತಾರೆ ಎಂದು ಮನೆಯವರು ಕಣ್ಣೀರು ಹಾಕಿದರು. ಮಂಚದ ಬಳಿ ಕುಳಿತು, "ಯಜಮಾನ್ರ, ಯಾಕ ಊಟ ಬಿಟ್ಟೀರಿ?" ಎಂದು ಕೇಳಿದೆವು. ಬಹಳ ಹೊತ್ತಿನ ಮೇಲೆ ಅವರು ತಡೆತಡೆದು ಹೇಳಿದರು: "ಅಜ್ಜಾರ, ಕೈ ಹೋತು ಅಂತ ನನಗ ಅಷ್ಟು ದುಃಖ ಇಲ್ರೀ. ಲಿಂಗ ಹಿಡಿಯೋ ಕೈಯೇ ಹೋತಲ್ರೀ. ಪೂಜಿ ಇಲ್ಲದ ಬಾಯಿಗೆ ತುತ್ತು ಹ್ಯಾಂಗ ಹಾಕ್ಲಿ?"

ಅವರ ಮಾತು ಸಣ್ಣದಲ್ಲ. ಇಷ್ಟಲಿಂಗವನ್ನು ಎಡಗೈಯ ಅಂಗೈ ಪೀಠದಲ್ಲಿರಿಸಿಕೊಂಡು ಪೂಜಿಸುವುದು ವೀರಶೈವರ ಸಂಪ್ರದಾಯ. ಗುರುವು ದೀಕ್ಷೆಯ ದಿನ ಕರುಣಿಸಿದ ಲಿಂಗವನ್ನು ಐವತ್ತು ಅರವತ್ತು ವರ್ಷ ಆ ಕೈ ಹೊತ್ತಿದೆ. ಲಿಂಗಪೂಜೆಯಾಗದೆ ಪ್ರಸಾದ ಸ್ವೀಕರಿಸಬಾರದೆಂಬ ನಿಯಮವನ್ನು ಆ ಜೀವ ಬಾಳಿನುದ್ದಕ್ಕೂ ನಡೆಸಿಕೊಂಡು ಬಂದಿದೆ. ಅವರು ಹಟದಿಂದ ಊಟ ಬಿಟ್ಟಿರಲಿಲ್ಲ, ನಿಷ್ಠೆಯಿಂದ ಬಿಟ್ಟಿದ್ದರು. ಆದ್ದರಿಂದ ಅವರಿಗೆ ಬೇಕಾಗಿದ್ದುದು ಗದರಿಕೆಯಲ್ಲ, ಶಾಸ್ತ್ರಸಮ್ಮತವಾದ ದಾರಿ.

ಅವರ ಧರ್ಮಪತ್ನಿಯನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿದೆವು. ಬೆನ್ನಿಗೆ ದಿಂಬು ಕೊಟ್ಟು ಯಜಮಾನರನ್ನು ನೆಟ್ಟಗೆ ಕೂಡಿಸಲಾಯಿತು. ಸೋತ ಎಡಗೈಯನ್ನು ಮಡಿಲ ಮೇಲೆ ಮೆಲ್ಲಗೆ ತೆರೆದಿರಿಸಿ, ಅದರ ಕೆಳಗೆ ಆ ತಾಯಿ ತಮ್ಮ ಅಂಗೈ ಒಡ್ಡಿದರು. ಎರಡು ಕೈ ಸೇರಿ ಒಂದು ಪೀಠವಾಯಿತು. ಕರಡಿಗೆಯಿಂದ ಲಿಂಗವನ್ನು ತೆಗೆದು ಅಲ್ಲಿ ಬಿಜಯಂಗೈಸಿ, ಬಲಗೈಯಿಂದ ವಿಭೂತಿ ಧರಿಸಿ ಪತ್ರೆ ಏರಿಸಿರೆಂದೆವು. ಏರಿಸಿದರು. ಅಂದು ಒಂದು ಬಟ್ಟಲು ಮೆತ್ತನೆಯ ನುಚ್ಚು ಉಂಡರು.

ವೀರಶೈವ ಧರ್ಮವು ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗ ಎಂದು ಮೂರು ಬಗೆಯಲ್ಲಿ ಲಿಂಗತತ್ತ್ವವನ್ನು ಬೋಧಿಸುತ್ತದೆ. ಸ್ಥೂಲ ಶರೀರಕ್ಕೆ ಇಷ್ಟಲಿಂಗ, ಸೂಕ್ಷ್ಮಕ್ಕೆ ಪ್ರಾಣಲಿಂಗ, ಕಾರಣಕ್ಕೆ ಭಾವಲಿಂಗ. ಕೈ ಸೋತರೆ ಉಸಿರಿದೆ, ಉಸಿರು ಬಳಲಿದರೆ ಭಾವವಿದೆ. ಪಂಚಾಕ್ಷರಿಯನ್ನು ನಾಲಿಗೆ ನುಡಿಯದಿದ್ದರೆ ಮನಸ್ಸು ನುಡಿಯುತ್ತದೆ. ರೋಗವು ಪೂಜೆಯ ಒಂದು ಬಾಗಿಲನ್ನು ಮುಚ್ಚಬಹುದು, ಮೂರನ್ನೂ ಮುಚ್ಚಲಾರದು.

ಇನ್ನು ಕೆಲವರಿಗೆ ಮಡಿಯ ಚಿಂತೆ. ಹಾಸಿಗೆಯಲ್ಲೇ ಎಲ್ಲವೂ ಆಗುತ್ತದೆ, ಸ್ನಾನವಿಲ್ಲ, ಲಿಂಗವನ್ನು ಮುಟ್ಟುವುದು ಹೇಗೆಂದು ಕರಡಿಗೆಯನ್ನು ತೆಗೆದು ಗೂಡಿನಲ್ಲಿ ಇಡಿಸಿಬಿಡುತ್ತಾರೆ. ಹಾಗೆ ಮಾಡಲಾಗದು. ಲಿಂಗಧಾರಿಗೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳಿಲ್ಲವೆಂದು ನಮ್ಮ ಧರ್ಮ ಸಾರಿದೆ. ಹುಟ್ಟು ಸಾವುಗಳ ಸೂತಕವನ್ನೇ ಒಪ್ಪದ ಧರ್ಮವು ಬೇನೆಯ ಸೂತಕವನ್ನು ಒಪ್ಪೀತೇ? ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಒಗೆದ ಧೋತರ ಉಡಿಸಿ, ಹಣೆಗೆ ವಿಭೂತಿ ಹಚ್ಚಿದರೆ ಸಾಕು. ಭಸ್ಮಸ್ನಾನವೂ ಸ್ನಾನವೇ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಲಕ್ವ ಹೊಡೆದ ಅನೇಕರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ನೀರಿನಂಥ ತೆಳು ಪದಾರ್ಥ ಗಂಟಲಲ್ಲಿ ಇಳಿಯುವ ಬದಲು ಶ್ವಾಸನಾಳಕ್ಕೆ ಹೋಗಿ, ಅದರಿಂದ ಪುಪ್ಪುಸದ ಉರಿಯೂತವಾಗಿ ಪ್ರಾಣಕ್ಕೆ ಅಪಾಯವಾಗುತ್ತದೆ. ಆದಕಾರಣ ಭಕ್ತಿಯ ಭರದಲ್ಲಿ, ಮಲಗಿದವರ ಬಾಯಿಗೆ ತೀರ್ಥ ಬಿಡಬಾರದು. ಕಣ್ಣಿಗೆ, ತಲೆಗೆ ಮುಟ್ಟಿಸಿರಿ. ಪಾದೋದಕದ ಫಲ ಅಷ್ಟರಿಂದಲೇ ಸಲ್ಲುತ್ತದೆ. ನುಂಗಬಹುದೆಂದು ವೈದ್ಯರು ಹೇಳಿದ ಮೇಲೆ ನೆಟ್ಟಗೆ ಕೂಡಿಸಿ, ಗಟ್ಟಿ ಗಂಜಿಯಂಥದ್ದನ್ನು ಚಮಚೆ ಚಮಚೆಯಾಗಿ ಕೊಡಬೇಕು. ಅವಸರ ಮಾಡಬಾರದು.

ಮೊದಲ ಚಿಕಿತ್ಸೆಯ ವಿಷಯದಲ್ಲಂತೂ ತಡ ಕೂಡದು. ಮೆದುಳಿನ ರಕ್ತನಾಳ ಹೆಪ್ಪುಗಟ್ಟಿದರೂ ಲಕ್ವ ಬರುತ್ತದೆ, ಒಡೆದರೂ ಬರುತ್ತದೆ. ಯಾವುದೆಂದು ತಲೆಯ ಸ್ಕ್ಯಾನ್ ಮಾಡಿಯೇ ತಿಳಿಯಬೇಕು. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೆಲಸಕ್ಕೆ ಬರುವುದು ಸಾಮಾನ್ಯವಾಗಿ ಮೊದಲ 4.5 ಗಂಟೆಯೊಳಗೆ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಪಾರಿವಾಳವನ್ನು ಕೊಯ್ದು ಅದರ ರಕ್ತ ತಿಕ್ಕುವ ಪದ್ಧತಿ ಕೆಲವೆಡೆ ಇದೆ. ಒಂದು ಜೀವವನ್ನು ಕೊಂದು ಇನ್ನೊಂದು ಜೀವಕ್ಕೆ ಸುಖವಾಗದು. ಅಮೂಲ್ಯವಾದ ವೇಳೆ ಮಾತ್ರ ಹಾಳಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ಔಷಧಿ ಕೊಡುವುದೇ ಅವನ ಕಾಯಕ. ಔಷಧಿಗೂ ಭಕ್ತಿಗೂ ವಿರೋಧವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹರಕೆ ಹೊರುವವರು ಹೊರಲಿ, ಆದರೆ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಬಿಡಬಾರದು. ಒಮ್ಮೆ ಬಂದ ಲಕ್ವ ಮತ್ತೆ ಬರಬಲ್ಲದು. ತಂಬಾಕು ತಿನ್ನುವ, ಬೀಡಿ ಸೇದುವ ಚಟವನ್ನು ಮಠದ ಜೋಳಿಗೆಗೆ ಹಾಕಿಬಿಡಿ.

ಚೇತರಿಕೆ ನಿಧಾನದ ಕೆಲಸ. ಮೊದಲ ಮೂರು ತಿಂಗಳಲ್ಲಿ ಹೆಚ್ಚು ಸುಧಾರಣೆ ಕಾಣುತ್ತದೆ. ಆರು ತಿಂಗಳು, ವರ್ಷದ ನಂತರವೂ ಸ್ವಲ್ಪ ಸ್ವಲ್ಪವಾಗಿ ಶಕ್ತಿ ಮರಳುವುದುಂಟು. ಅದಕ್ಕೆ ದಿನಾಲು ವ್ಯಾಯಾಮ ಬೇಕು. ಮುಷ್ಟಿ ಬಿಚ್ಚುವುದು, ಮಡಚುವುದು, ಹಾಸಿಗೆಯ ಅಂಚಿಗೆ ಕುಳಿತುಕೊಳ್ಳುವುದು, ಆಸರೆ ಹಿಡಿದು ನಿಲ್ಲುವುದು. ಎತ್ತು ಹೂಡಿ ನೇಗಿಲು ಹೊಡೆದವರಿಗೆ ಇದೂ ಒಂದು ಕೆಲಸವೇ ಎನ್ನಿಸಬಹುದು. ನಾವು ಹೇಳುತ್ತೇವೆ, ಆ ಕಾಲಕ್ಕೆ ಅದೇ ನಿಮ್ಮ ಕಾಯಕ. ಕಾಯದಿಂದ ಮಾಡುವುದೇ ಕಾಯಕ. ಹೊಲದ ಕಾಯಕಕ್ಕೆ ತಪ್ಪಿಸದೆ ಹೋದವರು ಕೈಬೆರಳಿನ ಕಾಯಕಕ್ಕೂ ತಪ್ಪಿಸಬಾರದು.

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿ ಸ್ಥಲ. ಬಂದುದನ್ನು ಶಿವನ ಪ್ರಸಾದವೆಂದು ಪ್ರಸನ್ನತೆಯಿಂದ ಸ್ವೀಕರಿಸುವವನೇ ಪ್ರಸಾದಿ. ರೋಗವನ್ನು ಪ್ರಸಾದವೆನ್ನಿರೆಂದು ನಾವು ಹೇಳುವುದಿಲ್ಲ. ರೋಗದ ನಡುವೆ ಮರಳಿ ಬಂದ ಒಂದೊಂದು ಅಲ್ಪವನ್ನು ಪ್ರಸಾದವೆನ್ನಿರಿ. ಇಂದು ಹೆಬ್ಬೆರಳು ಅಲುಗಿತು, ಅದು ಪ್ರಸಾದ. ಮೊಮ್ಮಗಳ ಹೆಸರು ಸ್ಪಷ್ಟವಾಗಿ ಬಾಯಿಗೆ ಬಂತು, ಅದು ಪ್ರಸಾದ. ರಾತ್ರಿ ನಾಲ್ಕು ತಾಸು ನಿದ್ರೆ ಬಂತು, ಅದೂ ಪ್ರಸಾದ. ಎಲ್ಲವೂ ಒಮ್ಮೆಗೇ ಬರಲೆಂದು ಕಾಯುವವನು ಬಂದುದನ್ನೂ ಕಳೆದುಕೊಳ್ಳುತ್ತಾನೆ.

ಮನೆಯವರು ಮಾಡಬಹುದಾದ ಸಣ್ಣ ಸಣ್ಣ ಉಪಚಾರಗಳು ಬಹಳಷ್ಟಿವೆ. ಅವಕ್ಕೆ ಹಣದ ಖರ್ಚಿಲ್ಲ. ಮಂಚವನ್ನು ಒಳಕೋಣೆಯ ಕತ್ತಲೆಯಲ್ಲಿ ಹಾಕದೆ ಪಡಸಾಲೆಯಲ್ಲಿ, ಬೆಳಗಿನ ಎಳೆಬಿಸಿಲು ಬೀಳುವಲ್ಲಿ, ತಲೆಬಾಗಿಲು ಕಾಣುವಂತೆ ಹಾಕಿರಿ. ಹೋಗಿ ಬರುವವರ ಮುಖ ಕಂಡರೆ ಅರ್ಧ ಬೇನೆ ಮರೆಯುತ್ತದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತದೆ. ವಾರಕ್ಕೊಮ್ಮೆ ಗಡ್ಡ ತೆಗೆಸಿ, ತಲೆಗೆ ಎಣ್ಣೆ ಹಚ್ಚಿ, ಹಳೆಯ ರುಮಾಲನ್ನೇ ಸುತ್ತಿರಿ. ಬೇಕೆಂದವರಿಗೆ ಬಾನುಲಿ ಹಚ್ಚಿಡಿ, ಮಳೆ ಬೆಳೆಯ ಸುದ್ದಿ ಕಿವಿಗೆ ಬೀಳಲಿ. ಸೋತ ಬದಿಯನ್ನು ರೋಗಿಯು ಮರೆತೇಬಿಡುವುದುಂಟು, ಆ ಕಡೆಗೂ ಗಮನ ಹರಿಯುವಂತೆ ಮಾಡಿರಿ ಎಂದು ವೈದ್ಯರು ಹೇಳುತ್ತಾರೆ. ಎಡಗೈ ಸೋತವರು ದಿನಾಲು ಅದೇ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿಯಿಟ್ಟು ನೋಡಿದರೆ ಆ ಕೈ ಮರೆತುಹೋಗುವುದೆಲ್ಲಿಂದ ಬಂತು?

ಕೈಲಾದಷ್ಟು ಕೆಲಸವನ್ನೂ ಕೊಡಿರಿ. ಒಂದು ಕೈಯಿಂದ ಬೇಳೆ ಆರಿಸಬಹುದು, ಹೂವಿನ ಎಸಳು ಬಿಡಿಸಬಹುದು. ಹಾಲಿನ ಲೆಕ್ಕ ಇಡಬಹುದು. ಮೊಮ್ಮಕ್ಕಳಿಂದ ಮಗ್ಗಿ ಹೇಳಿಸಬಹುದು. ಯಾವ ಹೊಲಕ್ಕೆ ಏನು ಬಿತ್ತಬೇಕೆಂದು ಮಗನು ತಂದೆಯನ್ನು ಕೇಳಲಿ. ಕೇಳುವುದರಿಂದ ಮಗನಿಗೆ ನಷ್ಟವಿಲ್ಲ, ಕೇಳದೆ ಹೋದರೆ ತಂದೆಗೆ ತಾನು ಮನೆಗೆ ಭಾರವೆನ್ನಿಸುತ್ತದೆ. ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮನಸ್ಸಿನ ಖಿನ್ನತೆ ಆವರಿಸುತ್ತದೆ ಎಂದು ವೈದ್ಯರು ಹೇಳುತ್ತಾರೆ. ಅದು ಹೇಡಿತನವಲ್ಲ, ರೋಗದ್ದೇ ಒಂದು ಭಾಗ. ಅದಕ್ಕೂ ಚಿಕಿತ್ಸೆಯಿದೆ. ಬದುಕು ಸಾಕಾಯಿತೆಂಬ ಮಾತು ಬಾಯಲ್ಲಿ ಬಂದರೆ ತಳ್ಳಿಹಾಕದೆ ವೈದ್ಯರಿಗೆ ತಿಳಿಸಿರಿ.

ನೋಡಲು ಹೋಗುವವರಿಗೂ ಒಂದು ಧರ್ಮವಿದೆ. ಮಂಚದ ಕಾಲ ಬಳಿ ನಿಂತು ಇಂಥದೇ ಬೇನೆಯಲ್ಲಿ ಸತ್ತವರ ಕಥೆ ಹೇಳಬೇಡಿರಿ. ಹಿಂದಿನ ಜನ್ಮದ ಪಾಪವೆಂದು ಅಳೆಯಬೇಡಿರಿ. ಮತ್ತೊಬ್ಬರ ಕರ್ಮದ ಲೆಕ್ಕ ಶಿವನ ಕಡೆಗಿದೆ, ನಮ್ಮ ಕಡೆಗಿಲ್ಲ. ಮಾತು ಹೋದವರ ಎದುರಿಗೆ, ಅವರಿಗೇನೂ ತಿಳಿಯದೆಂದು ಭಾವಿಸಿ ಆಸ್ತಿಯ ಮಾತು ಆಡಬೇಡಿರಿ. ನಾಲಿಗೆ ಬಿದ್ದರೂ ಎಷ್ಟೋ ಜನರಿಗೆ ತಿಳಿವಳಿಕೆ ಇರುತ್ತದೆ. ಹೌದು, ಅಲ್ಲ ಎಂದು ತಲೆಯಾಡಿಸಿ ಉತ್ತರಿಸುವಂತೆ ಒಂದೊಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಕಾರಣವಿಲ್ಲದೆ ಅತ್ತರೆ ನಗಬೇಡಿರಿ, ಅದೂ ಆ ರೋಗದ ಲಕ್ಷಣವೇ. ಏನೂ ಹೇಳಲು ತೋಚದಿದ್ದರೆ ಕೈ ಹಿಡಿದು ಸುಮ್ಮನೆ ಕುಳಿತರೂ ಪುಣ್ಯವುಂಟು.

ಬಹು ಜನ ನೋಡದೆ ಬಿಡುವ ಇನ್ನೊಂದು ಜೀವವಿದೆ. ಆರೈಕೆ ಮಾಡುವ ಹೆಂಡತಿ, ಮಗಳು, ಸೊಸೆ. ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸುವವಳು ಬೆಳಗ್ಗೆ ರೊಟ್ಟಿಯನ್ನೂ ಬಡಿಯಬೇಕು. ಅವಳಿಗೆ ಜ್ವರ ಬಂದರೆ ಕೇಳುವವರಿಲ್ಲ. ದಾಸೋಹವೆಂದರೆ ಜಾತ್ರೆಯಲ್ಲಿ ಅನ್ನ ನೀಡುವುದಷ್ಟೇ ಅಲ್ಲ. ನೆರೆಮನೆಯವರು ವಾರಕ್ಕೆ ಒಂದು ಸಂಜೆ ಹೋಗಿ, "ಅವ್ವ, ನೀ ಗುಡಿಗೆ ಹೋಗಿ ಬಾ, ನಾವು ಇಲ್ಲಿ ಕುಂತಿರತೇವಿ" ಎಂದರೆ ಅದೂ ದಾಸೋಹ. ಎರಡು ಹೊತ್ತಿನ ಪಲ್ಯ ಮಾಡಿ ಕಳಿಸಿದರೂ ದಾಸೋಹ.

ನೆರವು ಪಡೆಯುವವರು ನಾಚಬೇಕಾಗಿಲ್ಲ. ತುಮಕೂರು ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಆ ಮಹಾಚೇತನ ಕೊನೆಯ ವರ್ಷಗಳಲ್ಲಿ ಶಿಷ್ಯರ ತೋಳಿನ ಆಸರೆ ಪಡೆದು ನಡೆದುದನ್ನು ನಾಡೇ ಕಂಡಿದೆ. 2018ರ ಡಿಸೆಂಬರ್‌ನಲ್ಲಿ ಚೆನ್ನೈಗೆ ಹೋಗಿ ಚಿಕಿತ್ಸೆ ಪಡೆದು ಮಠಕ್ಕೆ ಮರಳಿದರು. ಕೊಡುವ ಕೈ ಎಷ್ಟು ದೊಡ್ಡದೋ, ವೇಳೆ ಬಂದಾಗ ಪಡೆಯುವ ಕೈಯೂ ಅಷ್ಟೇ ದೊಡ್ಡದು. ನಿಮ್ಮ ಸೇವೆ ಮಾಡುವ ಮಗನಿಗೆ, ಸೊಸೆಗೆ ಪುಣ್ಯ ಸಂಪಾದಿಸುವ ಅವಕಾಶವನ್ನು ನೀವೇ ಕೊಡುತ್ತಿರುವಿರೆಂದು ತಿಳಿಯಿರಿ.

ಊರಿನಿಂದ ಊರಿಗೆ ಶ್ರಾವಣದ ಪುರಾಣ ಪ್ರವಚನಗಳು ನಡೆಯುತ್ತವೆ. ಗುಡಿಗೆ ಬರಲಾಗದವರ ಮನೆಗೆ ಭಜನಾ ಸಂಘದವರು ತಿಂಗಳಿಗೊಮ್ಮೆಯಾದರೂ ತಾಳ ಹಿಡಿದು ಹೋಗಲಿ. ಒಂದು ಪದ ಹಾಡಿ ಬರಲಿ. ಈಗ ಕೈಕೈಗೆ ಮೊಬೈಲ್ ಇದೆ. ಪ್ರವಚನ ನಡೆಯುವಾಗ ಒಬ್ಬ ಹುಡುಗ ಕರೆ ಮಾಡಿ ಮಂಚದಲ್ಲಿದ್ದ ಅಜ್ಜನಿಗೆ ಕೇಳಿಸಲಿ. ದೂರದ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಕ್ಕಳು ಹಣ ಕಳಿಸಿ ಸುಮ್ಮನಾಗದೆ, ನಿತ್ಯವೂ ಒಂದು ಗೊತ್ತಾದ ವೇಳೆಗೆ ಮಾತನಾಡಿಸಲಿ. ಆ ವೇಳೆಗಾಗಿ ಕಾಯುವುದೇ ಹಾಸಿಗೆ ಹಿಡಿದವರಿಗೆ ಒಂದು ಬಲ.

ಪ್ರತಿ ಊರಿನಲ್ಲೂ ಇಂಥ ಒಂದೆರಡು ಮನೆಗಳಿದ್ದೇ ಇರುತ್ತವೆ. ಈ ಸೋಮವಾರ ಗುಡಿಯಿಂದ ಮರಳುವಾಗ ಒಂದು ಪತ್ರೆ, ಚಿಟಿಕೆ ವಿಭೂತಿ ಹಿಡಿದುಕೊಂಡು ಅಲ್ಲಿಗೆ ಹೋಗಿ ಬನ್ನಿರಿ. ಬೇನೆಯಲ್ಲಿರುವ ಎಲ್ಲ ಜೀವಗಳಿಗೆ ಬೇಗ ಚೇತರಿಕೆಯನ್ನೂ, ಆರೈಕೆ ಮಾಡುವ ಕೈಗಳಿಗೆ ಶಕ್ತಿಯನ್ನೂ, ನೋಡಿ ಬರುವ ಕಾಲುಗಳಿಗೆ ಬಿಡುವನ್ನೂ ಪರಶಿವನು ಕರುಣಿಸಲೆಂದು ಶುಭ ಹಾರೈಸುತ್ತೇವೆ.