ದೊಡ್ಡ ಸ್ವಾಮಿಯವರ ಹಾದಿಯಲ್ಲಿ ಒಂದು ಪೂರ್ವಾಹ್ನ

ಫ್ರಾನ್ಸಿನ ಲೂರ್ದು ಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗಿ ಮರಳಿದ ಕಡಕೊಳದ ಕುಟುಂಬವೊಂದನ್ನು ಕಾಣಲು ಈಚೆಗೆ ನಾವು ಅವರ ಮನೆಗೆ ಹೋಗಿದ್ದೆವು. ಕ್ಷೇತ್ರದ ತೀರ್ಥವೂ ಜಪಸರವೂ ನಮ್ಮ ಕೈಸೇರಿದ ಬಳಿಕ ಭಾವಚಿತ್ರಗಳ ಸರದಿ ಬಂದಿತು. ಅವುಗಳಲ್ಲಿ ಪುಣ್ಯಕ್ಷೇತ್ರಕ್ಕಿಂತ ಹಳ್ಳಿಗಾಡಿನ ಚಿತ್ರಗಳೇ ಹೆಚ್ಚಾಗಿದ್ದವು: ಕಲ್ಲುಗೋಡೆಗಳ ನಡುವಿನ ಕಿರುದಾರಿ, ದಾರಿ ಕವಲೊಡೆಯುವಲ್ಲಿ ಶಿಲುಬೆ, ದೂರದಲ್ಲೊಂದು ಗಂಟೆಗೋಪುರ, ಬೆನ್ನಿಗೆ ಚೀಲ ಕಟ್ಟಿ ಕೋಲೂರಿ ನಡೆಯುವ ಯಾತ್ರಿಕರು. ಚಿತ್ರಗಳನ್ನು ನೋಡುತ್ತಿದ್ದ ಆ ಮನೆಯ ಮೊಮ್ಮಗ ಒಮ್ಮೆಲೇ, "ಫಾದರ್, ನಮ್ಮಲ್ಲಿ ಇಂಥ ದಾರಿ ಒಂದೂ ಇಲ್ಲವಾ?" ಎಂದು ಕೇಳಿದ. ಅಜ್ಜಿ ಅವನನ್ನು ಗದರಿದರು. ಆದರೆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಫ್ರಾನ್ಸಿನ ಹಳ್ಳಿಗಳಲ್ಲಿ ನಡಿಗೆಯು ಬಹು ಹಳೆಯ ಭಕ್ತಿಯ ರೂಪ. ಲ ಪ್ಯುಯಿ ಎಂಬ ಊರಿನಿಂದ ಹೊರಟು, ಸ್ಪೇನಿನ ಸಂತ ಯಾಕೋಬರ ಕ್ಷೇತ್ರದತ್ತ ಸಾಗುವ ಪುರಾತನ ಮಾರ್ಗವು ಫ್ರಾನ್ಸಿನೊಳಗೇ 700 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಇಂದಿಗೂ ಅದನ್ನು ಸಾವಿರಾರು ಜನರು ಕಾಲ್ನಡಿಗೆಯಲ್ಲಿ ಕ್ರಮಿಸುತ್ತಾರೆ. 1818ರಲ್ಲಿ ಆರ್ಸ್ ಎಂಬ ಕುಗ್ರಾಮಕ್ಕೆ ನೇಮಕಗೊಂಡ ಜಾನ್ ಮರಿಯ ವಿಯಾನ್ನಿಯವರೂ ನಡೆದೇ ಹೋದರು. ಮಂಜಿನಲ್ಲಿ ಹಾದಿ ತಿಳಿಯದೆ, ಕುರಿ ಕಾಯುವ ಹುಡುಗನೊಬ್ಬನನ್ನು ಕೇಳಿ ಊರು ಸೇರಿದರು. ಆ ಭೇಟಿಯ ನೆನಪಿಗೆ ಅಲ್ಲಿ ಪ್ರತಿಮೆಯೊಂದನ್ನು ನಿಲ್ಲಿಸಲಾಗಿದೆ. 1859ರಲ್ಲಿ ಮರಣ ಹೊಂದುವವರೆಗೂ ಅವರು ಅದೇ ಹಳ್ಳಿಯ ಗುರುಗಳಾಗಿದ್ದರು. ಇಂದು ಧರ್ಮಕೇಂದ್ರದ ಗುರುಗಳೆಲ್ಲರಿಗೂ ಅವರೇ ಪಾಲಕ ಸಂತರು.

ಸಂತ ವಿಯಾನ್ನಿಯವರು ಆರ್ಸ್ ಗ್ರಾಮಕ್ಕೆ ಕಾಲಿಟ್ಟ ಆ ದಿನಗಳಲ್ಲಿ, ಅವರದೇ ದೇಶದ ಮತ್ತೊಬ್ಬ ಗುರು ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಂಚರಿಸುತ್ತಿದ್ದರು. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆಯೆಂದು ನಮಗೆ ತೋರಿತು. ಮುಂದಿನ ಶನಿವಾರ ಕಡಕೊಳದ ನಾಲ್ಕಾರು ಕುಟುಂಬಗಳನ್ನು ಕೂಡಿಸಿಕೊಂಡು, ಬುತ್ತಿಗೆ ಚಿತ್ರಾನ್ನ ಮೊಸರನ್ನ ಕಟ್ಟಿಸಿ, ರೈಲಿನಲ್ಲಿ ಮೈಸೂರಿಗೂ ಅಲ್ಲಿಂದ ಶ್ರೀರಂಗಪಟ್ಟಣಕ್ಕೂ ಹೋದೆವು. ಅಲ್ಲಿಂದ ಮುಂದೆ ಗಂಜಾಮಿನವರೆಗೆ ಕಾಲ್ನಡಿಗೆಯೆಂದು ಮೊದಲೇ ನಿಶ್ಚಯವಾಗಿತ್ತು.

ಶ್ರೀರಂಗಪಟ್ಟಣದ ನಿಲ್ದಾಣದ ಬಳಿಯೇ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿದೆ. ಜೋಡಿ ಹಳಿ ಹಾಕಲು ಅದು ಅಡ್ಡಿಯಾದಾಗ, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಸರಿಸಿ ಬೇರೆಡೆ ನಿಲ್ಲಿಸಿದರು. ಮಕ್ಕಳಿಗೆ ಇದೇ ಮೊದಲ ಅಚ್ಚರಿಯಾಯಿತು. ಅಲ್ಲಿಂದ ಪೂರ್ವಕ್ಕೆ ನಡೆದರೆ ದರಿಯಾ ದೌಲತ್. 1784ರ ಈ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ಹೈದರ್ ಮತ್ತು ಟಿಪ್ಪುವಿನ ಪಕ್ಷದಲ್ಲಿ ಫ್ರೆಂಚ್ ಸೈನಿಕರೂ ಇದ್ದಾರೆ. ಅವರ ದಂಡು ಬೀಡುಬಿಟ್ಟಿದ್ದ ಹಿರೋಡೆಗೆ 'ಫ್ರೆಂಚ್ ರಾಕ್ಸ್' ಎಂಬ ಹೆಸರೇ ಬಂದಿತ್ತು. ಅದೇ ಇಂದಿನ ಪಾಂಡವಪುರ. ಹೀಗೆ ಫ್ರಾನ್ಸ್ ದೇಶವು ನಮ್ಮ ನಾಡಿಗೆ ಮೊದಲು ಬಂದೂಕು ಹಿಡಿದು ಬಂದಿತು. ಹಿಂದೆಯೇ ಬೇರೊಂದು ರೀತಿಯಲ್ಲಿಯೂ ಬಂದಿತು.

ಅಬ್ಬೆ ದ್ಯುಬುವಾ ಅವರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಸೇಂಟ್ ರೆಮೇಜ್ ಎಂಬ ಹಳ್ಳಿಯವರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹೊರಟರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ, ಸೆರೆಯಲ್ಲಿಯೂ ಭಯದಲ್ಲಿಯೂ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಒಗ್ಗೂಡಿಸುವ ಹೊಣೆ ಅವರದಾಯಿತು. ಉಡುಗೆ ಊಟಗಳಲ್ಲಿ ಇಲ್ಲಿಯವರಂತೆಯೇ ಬಾಳಿದ ಅವರನ್ನು ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಹಾಸನದ ಬಳಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಹೂಡಿದರು. ಸಿಡುಬಿಗೆ ದಾಕು ಹಾಕುವ ಕ್ರಮವು ಈ ದೇಶಕ್ಕೆ ಬಂದ ಹೊಸತರಲ್ಲೇ, 1803–04ರ ಅವಧಿಯಲ್ಲಿ, 25,000ಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಗಂಜಾಮಿನ ದೇವಾಲಯವನ್ನು ಜನರು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯದ ಗಾತ್ರವಾಗಲಿ ಬೆಡಗಾಗಲಿ ಇದಕ್ಕಿಲ್ಲ. ಒಳಹೊಕ್ಕು ಮೊಣಕಾಲೂರಿ ಒಂದು ಜಪಸರ ಮುಗಿಸಿದೆವು.

ಬುತ್ತಿ ಬಿಚ್ಚಿದಾಗ ಹಿರಿಯರೊಬ್ಬರು, "ಇಷ್ಟು ಮಾಡಿದ ಮಹನೀಯರನ್ನು ಸಂತರೆಂದು ಏಕೆ ಸಾರಲಿಲ್ಲ, ಸ್ವಾಮಿ?" ಎಂದು ಕೇಳಿದರು. ಇಲ್ಲಿ ನಾವು ಸತ್ಯವನ್ನು ಮರೆಮಾಚದೆ ಹೇಳಬೇಕಾಯಿತು. ಹಿಂದೂ ಜನರ ಆಚಾರ ವಿಚಾರಗಳನ್ನು ಕುರಿತು ದ್ಯುಬುವಾ ಅವರು ಒಪ್ಪಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 2,000 ವರಹ ಕೊಟ್ಟು ಕೊಂಡಿತು. ಅದು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಆದರೆ ಅದರ ಬಹುಭಾಗಕ್ಕೆ ಆಧಾರವಾದದ್ದು, 1779ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡ ಯೇಸುಸಭೆಯ ಗುರು ಕೇರ್ದು ಅವರ ಬರಹವೆಂದು ಸಿಲ್ವಿಯಾ ಮುರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಪುಸ್ತಕದಲ್ಲಿ ಆ ಗುರುವಿನ ಹೆಸರಿಗೆ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲ. ಅಲ್ಲದೆ, ಅನ್ನ ನೀರು ಕೊಟ್ಟ ಈ ನಾಡಿನ ಜನರನ್ನು ಕುರಿತು ಅದರಲ್ಲಿ ಹಲವು ಕಠಿಣ ಮಾತುಗಳಿವೆ.

ಇನ್ನೊಂದು ಸಂಗತಿ ನಮ್ಮನ್ನು ಮತ್ತಷ್ಟು ಕಾಡುತ್ತದೆ. ಮೂವತ್ತು ವರ್ಷಗಳ ದುಡಿಮೆಯ ಕೊನೆಯಲ್ಲಿ ದ್ಯುಬುವಾ ನಿರಾಶರಾದರು. ಈ ದೇಶದಲ್ಲಿ ಧರ್ಮಪ್ರಚಾರ ಫಲಿಸುವಂತಿಲ್ಲವೆಂದು ಪತ್ರರೂಪದ ಗ್ರಂಥವೊಂದರಲ್ಲಿ ವಾದಿಸಿದರು. ಅದು ಪ್ರಕಟವಾದ 1823ರಲ್ಲೇ ಭಾರತವನ್ನು ಬಿಟ್ಟರು. ಮತ್ತೆಂದೂ ಮರಳದೆ, 1848ರಲ್ಲಿ ಪ್ಯಾರಿಸಿನಲ್ಲಿ ಕಣ್ಮುಚ್ಚಿದರು. ಆರ್ಸ್ ಗ್ರಾಮದ ಗುರುಗಳಿಗೆ ತಮ್ಮ ಶ್ರಮದ ಫಲವನ್ನು ಕಣ್ಣಾರೆ ಕಾಣುವ ಭಾಗ್ಯ ದೊರೆಯಿತು, ಗಂಜಾಮಿನ ಗುರುಗಳಿಗೆ ದೊರೆಯಲಿಲ್ಲ. ಗುರುಸೇವೆಯಲ್ಲಿ ತಲೆ ನರೆತಿರುವ ನಮಗೂ ಕೆಲವು ರಾತ್ರಿಗಳಲ್ಲಿ ಇಂಥದೇ ಲೆಕ್ಕ ಎದುರು ನಿಲ್ಲುವುದುಂಟು: ಬಲಿಪೂಜೆಗೆ ಬಾರದ ತರುಣರೆಷ್ಟು, ನಾವು ಹೇಳಿಯೂ ಕೂಡದ ಅಣ್ಣತಮ್ಮಂದಿರೆಷ್ಟು? ಇದನ್ನು ಬರೆಯಲು ಸಂಕೋಚಪಡುವುದಿಲ್ಲ. ಮಕ್ಕಳನ್ನು ಬೆಳೆಸಿದ ತಂದೆತಾಯಿಗಳಿಗೂ ಈ ಲೆಕ್ಕ ಅಪರಿಚಿತವಲ್ಲ.

ಉಳಿಯುವುದು ಕಟ್ಟಡವೆಂದು ನಂಬುವುದೂ ಕಷ್ಟ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಜಪಸರ ಮಾತೆಯ ಭವ್ಯ ದೇವಾಲಯವೊಂದನ್ನು ಕಟ್ಟಿಸಿದರು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಏರಿದಾಗ ಊರಿನವರು ಬೇರೆಡೆಗೆ ಹೋದರು, ದೇವಾಲಯ ಅಲ್ಲಿಯೇ ನಿಂತಿತು. ಮದ್ದಿನ ಮನೆಗೆ ದೊರೆತ ಭಾಗ್ಯ ಅದಕ್ಕೆ ದೊರೆಯಲಿಲ್ಲ. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಎದ್ದು ಕಾಣುವ ಆ ಹಾಳುಗೋಡೆಗಳನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರೆ.

ಹಾಗಾದರೆ ದೊಡ್ಡ ಸ್ವಾಮಿಯವರಿಂದ ಉಳಿದದ್ದಾದರೂ ಏನು? ತತ್ತ್ವಶಾಸ್ತ್ರ ಓದಿದ ನಾವು ಉತ್ತರಕ್ಕಾಗಿ ತಡಕಾಡುತ್ತಿದ್ದಾಗ ಅದೇ ಹುಡುಗ ನೆರವಿಗೆ ಬಂದ. ಅಜ್ಜಿಯ ತೋಳಿನ ಮೇಲಿನ ದುಂಡನೆಯ ಕಲೆಯನ್ನು ಮುಟ್ಟಿ, "ಇದೇನಾ ಫಾದರ್, ನೀವು ಹೇಳಿದ ದಾಕು?" ಎಂದ. ನಾವು ನಿಲುವಂಗಿಯ ತೋಳನ್ನು ಮಡಿಸಿ ನಮ್ಮ ಕಲೆಯನ್ನೂ ತೋರಿಸಿದೆವು. ಅವನ ತಂದೆಯ ತೋಳಿನಲ್ಲಿ ಅದಿರಲಿಲ್ಲ, ಅವನ ತೋಳಿನಲ್ಲಿಯೂ ಇರಲಿಲ್ಲ. 1977ರಲ್ಲಿ ಭಾರತವು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು, ಆಮೇಲೆ ದಾಕಿನ ಅಗತ್ಯವೇ ಉಳಿಯಲಿಲ್ಲ.

ಸಿಡುಬನ್ನು ಅಳಿಸಿದ ಕೈಗಳು ಅಸಂಖ್ಯಾತ. ಹಳ್ಳಿಹಳ್ಳಿ ಸುತ್ತಿದ ದಾಕಿನವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಆ ಸಾಲಿನ ಮೊದಲಿನವರಲ್ಲಿ, ತಾವು ಸೋತೆವೆಂದು ನಂಬಿ ಹಡಗು ಹತ್ತಿದ ಈ ಗುರುವೂ ಒಬ್ಬರು. ಶುಭಸಂದೇಶದ ಬಿತ್ತುವವನ ಸಾಮತಿಯನ್ನು ನಾವು ಎಷ್ಟೋ ಸಲ ಬೋಧಿಸಿದ್ದೇವೆ. ಬಿತ್ತಿದವನಿಗೆ ಪೈರಿನ ಪೂರ್ಣ ಲೆಕ್ಕ ಸಿಗುವುದಿಲ್ಲವೆಂಬುದು ಆ ದಿನ ಗಂಜಾಮಿನಲ್ಲಿ, ತೋಳು ಮಡಿಸಿ ನಿಂತಾಗ, ನಮಗೆ ಹೊಸದಾಗಿ ಮನವರಿಕೆಯಾಯಿತು.

ಪ್ರಿಯ ಓದುಗರೇ, ಲೂರ್ದಿಗೆ ಹೋಗುವ ಶಕ್ತಿಯುಳ್ಳವರು ಹೋಗಿ ಬರಲಿ. ಹೋಗಲಾಗದವರು ಮಕ್ಕಳ ಕೈಹಿಡಿದು ಶ್ರೀರಂಗಪಟ್ಟಣದಿಂದ ಗಂಜಾಮಿಗೆ ನಡೆಯಲಿ. ಒಂದು ಪೂರ್ವಾಹ್ನ ಸಾಕು. ಹಿರಿಯರ ತೋಳಿನ ಕಲೆಯ ಕಥೆಯನ್ನು ದಾರಿಯಲ್ಲಿ ಮಕ್ಕಳಿಗೆ ಹೇಳಲು ಮಾತ್ರ ಮರೆಯದಿರಲಿ.